ಹೊತ್ತಿಗೆ ಬಾರದ ಕೆಮ್ಮು

ಹಾಲೇಶನ ಕೆಮ್ಮಿಗೆ ಒಂದು ಕೆಟ್ಟ ಗುಣವಿತ್ತು. ಅದು ಕಚೇರಿಯಲ್ಲಿ ಬರುತ್ತಿರಲಿಲ್ಲ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಅವನು ಗುಮಾಸ್ತ. ದಿನವಿಡೀ ಕುರ್ಚಿಯಲ್ಲಿ ಕೂತು ಫೈಲಿನ ಧೂಳು ಕುಡಿದರೂ ಗಂಟಲು ಒಮ್ಮೆಯೂ ಕ್ಯಾಕರಿಸುತ್ತಿರಲಿಲ್ಲ. ಆದರೆ ಬಸ್ಸು ಹಿಡಿಯಲು ಐದಾರು ನಿಮಿಷ ಓಡಿದನೋ, ಮುಗಿಯಿತು ಕತೆ. ಅದೂ ಓಡುವಾಗ ಅಲ್ಲ. ಓಡಿ, ಬಸ್ಸು ಹತ್ತಿ, ಸೀಟು ಹಿಡಿದು, ಉಸ್ಸಪ್ಪಾ ಎಂದು ಕೂತ ಮೇಲೆ. ಮೊದಲು ಎದೆಯೊಳಗೆ ಜಾತ್ರೆಯ ಪೀಪಿ ಊದಿದಂಥ ಸದ್ದು, ಆಮೇಲೆ ಹೊಸಪೇಟೆ ಬಸ್ ನಿಲ್ದಾಣ ಬರುವವರೆಗೂ ಕೆಮ್ಮು. ಕೊರೊನಾ ಕಾಲದಲ್ಲಿ ಒಮ್ಮೆ ಹೀಗೆ ಕೆಮ್ಮಿ, ಇಡೀ ಬಸ್ಸನ್ನು ಒಬ್ಬನೇ ಆಳಿದ್ದ.

ಈ ಕೆಮ್ಮಿನ ಕಾರಣ ಅವನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಹೆಂಡತಿ ಗಂಗಾಂಬಿಕಾ ರಾತ್ರಿಯ ಮೊಸರು ಎನ್ನುತ್ತಿದ್ದಳು. ಪಕ್ಕದ ಕ್ವಾರ್ಟರ್ಸಿನ ಹಂಪಮ್ಮ ಜನರ ದೃಷ್ಟಿ ಎನ್ನುತ್ತಿದ್ದಳು, ದೃಷ್ಟಿಯಾಗುವಂಥದ್ದು ಅವನಲ್ಲಿ ಏನಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಕಚೇರಿಯ ಹುಲುಗೇಶ ಸಂಡೂರಿನ ಮೈನ್ಸ್ ಧೂಳು ಎನ್ನುತ್ತಿದ್ದ. ಹಾಲೇಶ ಸಂಡೂರಿಗೆ ಹೋದದ್ದೇ ಎರಡು ಸಲ, ಎರಡೂ ಮದುವೆಯೂಟಕ್ಕೆ. ಸಾಹೇಬರು, ಅಂದರೆ ಎಂಜಿನಿಯರ್ ವಿರುಪಾಕ್ಷಪ್ಪನವರು, ಸುತ್ತುಬಳಸಿ ಮಾತಾಡುವವರಲ್ಲ. ಅವರು ಎಲ್ಲರೆದುರಿಗೆ ಸೋಮಾರಿತನ ಎಂದುಬಿಟ್ಟಿದ್ದರು. ಆ ಒಂದು ಮಾತು ಹಾಲೇಶನ ಎದೆಯಲ್ಲಿ ಕೆಮ್ಮಿಗಿಂತ ಗಟ್ಟಿಯಾಗಿ ಕೂತಿತ್ತು.

ಅಂಥದ್ದರಲ್ಲಿ ಸೋಮವಾರ ಸಂಜೆ ನೋಟಿಸ್ ಬೋರ್ಡಿಗೆ ಗಸ್ತಿನ ಪಟ್ಟಿ ಬಿತ್ತು. ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದವರು ಕದ್ದು ಪೈಪು ಇಳಿಸಿಕೊಂಡರೆ ಕಂಪ್ಲಿ ಕಡೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ಅದಕ್ಕೇ ಪ್ರತಿವರ್ಷ ಕಚೇರಿಯವರು ಪಾಳಿಯ ಮೇಲೆ ಕಾಲುವೆಯ ದಂಡೆ ಹಿಡಿದು ನಡೆಯಬೇಕು. ದಿನಕ್ಕೆ ಹತ್ತು ಕಿಲೋಮೀಟರ್, ಒಂದು ತಿಂಗಳು. ದಂಡೆಯ ಹಸಿಮಣ್ಣಿನಲ್ಲಿ ಬೈಕು ಹೋಗುವುದಿಲ್ಲ. ಪಟ್ಟಿಯಲ್ಲಿ ಹಾಲೇಶನ ಹೆಸರು ಎಲ್ಲರಿಗಿಂತ ಮೇಲಿತ್ತು.

ಅವನು ಸಾಹೇಬರ ಮುಂದೆ ಹೋಗಿ ನಿಂತ.

“ಸಾರ್, ಬಿರಬಿರ ನಡೆದ್ರ ನನಗ ಕೆಮ್ಮು ಬರ್ತೈತ್ರಿ. ಉಸಿರೂ ಹಿಡಿತೈತ್ರಿ.”

“ಈಗ ಎಲ್ಲೈತ್ರಿ ಕೆಮ್ಮು?”

“ಈಗ ನಿಂತೀನಲ್ರಿ, ಸಾರ್.”

ಸಾಹೇಬರು ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾಳೆ ರಜೆ ಹಾಕಿ ಡಾಕ್ಟರ ಸರ್ಟಿಫಿಕೇಟು ತರಬೇಕು, ಸಂಜೆ ಐದರೊಳಗೆ ತರದಿದ್ದರೆ ಬುಧವಾರ ಬೆಳಿಗ್ಗೆ ಕಾಲುವೆ ಎಂದು ತೀರ್ಪು ಕೊಟ್ಟರು.

ಮಂಗಳವಾರ ಎಂಟಕ್ಕೆಲ್ಲ ಹುಲುಗೇಶ ಬಾಗಿಲಿಗೆ ಬಂದು ನಿಂತಿದ್ದ. ಇಲ್ಲದ ಬೆನ್ನುನೋವಿಗೆ ನಾಲ್ಕು ಸಲ ಮೆಡಿಕಲ್ ರಜೆ ಗಿಟ್ಟಿಸಿದ ಅನುಭವಸ್ಥ ಅವನು. ಇದ್ದ ರೋಗಕ್ಕೆ ಒಂದು ಸರ್ಟಿಫಿಕೇಟು ತರಲಾರದ ಹಾಲೇಶನನ್ನು ಕಂಡರೆ ಅವನಿಗೆ ಅಯ್ಯೋ ಎನಿಸುತ್ತಿತ್ತು.

“ಹಾಲೇಶಣ್ಣ, ಡಾಕ್ಟರ ಮುಂದ ಹೋಗಿ ನಿಂತಾಗ ಕೆಮ್ಮು ಬರಲಿಲ್ಲಂದ್ರ ಏನ್ ಮಾಡ್ತಿ? ಒಂದ್ಸಲ ಪ್ರಾಕ್ಟೀಸ್ ಮಾಡಿಕೊಂಡು ಹೋಗೋಣು ಬಾ.”

ಮಾತು ಸರಿಯೆನಿಸಿತು. ನಾಟಕದವರೂ ತಾಲೀಮು ಮಾಡದೆ ರಂಗಕ್ಕೆ ಬರುವುದಿಲ್ಲವಲ್ಲ. ಹಾಲೇಶ ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು ಕಾಲೊನಿಯ ಏರುರಸ್ತೆಯಲ್ಲಿ ಓಡಿದ. ಹುಲುಗೇಶ ಸಾಕ್ಷಿಗಿರಲಿ ಎಂದು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ಪಕ್ಕದಲ್ಲೇ ಓಡಿದ, ಮಧ್ಯೆ ಮಧ್ಯೆ ಮುಂದೆ ಹೋಗಿ ಹಿಮ್ಮುಖವಾಗಿಯೂ ಓಡಿದ. ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಇಬ್ಬರೂ ನಿಂತರು. ಐದು ನಿಮಿಷ ಕಳೆಯಿತು. ಆಮೇಲೆ ಬಂತು ನೋಡಿ ಕೆಮ್ಮು! ಕಾಲೊನಿಯ ಬಾಗಿಲುಗಳೆಲ್ಲ ತೆರೆದವು, ಯಾರೋ ನೀರು ತಂದರು, ಯಾರೋ ಬೆನ್ನು ತಟ್ಟಿದರು. ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದ ಹಾಲೇಶನನ್ನು ಹುಲುಗೇಶ ಎಲ್ಲ ಕೋನಗಳಿಂದ ಸೆರೆಹಿಡಿದ.

ಕೆಮ್ಮು ನಿಂತ ಮೇಲೆ, ಖಾತ್ರಿಗೆ ಇನ್ನೊಂದು ಸಲ ಎಂದ. ಹಾಲೇಶ ಒಲ್ಲದ ಮನಸ್ಸಿನಿಂದ ಮತ್ತೆ ಓಡಿದ. ಈ ಸಲ ಬಂದದ್ದು ಅರೆಬರೆ ಕೆಮ್ಮು, ಎರಡು ಸಲ ಕೊಕ್ ಎಂದು ಸುಮ್ಮನಾಯಿತು. ಗಂಟಲು ದಣಿದಿರಬೇಕು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸುಧಾರಿಸಿಕೊಳ್ಳುತ್ತದೆ ಎಂದು ಹುಲುಗೇಶ ಧೈರ್ಯ ಹೇಳಿ ಕಚೇರಿಗೆ ನಡೆದ.

ಈ ಗದ್ದಲದಲ್ಲಿ ಹಂಪಮ್ಮ ಕೈಕಟ್ಟಿ ಕೂರುವವಳಲ್ಲ. ಅಜವಾನ, ಶುಂಠಿ, ವೀಳ್ಯದೆಲೆ ಕುದಿಸಿದ ಕಷಾಯವನ್ನು ದೊಡ್ಡ ಲೋಟದಲ್ಲಿ ತಂದು, ಕೊನೆಯ ಹನಿ ಇಳಿಯುವವರೆಗೂ ಮುಂದೆ ನಿಂತಳು. ಆಮೇಲೆ ತೀರಿಹೋದ ಗಂಡನ ಉಣ್ಣೆಯ ಮಫ್ಲರನ್ನು ಟ್ರಂಕಿನಿಂದ ತೆಗೆದು ಹಾಲೇಶನ ಮೂಗು ಬಾಯಿ ಎರಡನ್ನೂ ಸೇರಿಸಿ ಬಿಗಿದು ಕಟ್ಟಿದಳು. ಹೊಸಪೇಟೆಯ ಬಿಸಿಲಿನಲ್ಲಿ ಉಣ್ಣೆಯ ಮಫ್ಲರು! ಸಾಲದ್ದಕ್ಕೆ ತಾನೂ ಹೊರಟು ನಿಂತಳು. ಪೇಟೆಯಲ್ಲಿ ಅವಳಿಗೆ ಕೆಲಸವಿತ್ತು, ಅಲ್ಲದೆ ಡಾಕ್ಟರಿಗೆ ಸರಿಯಾಗಿ ಹೇಳುವವರು ಒಬ್ಬರು ಬೇಕಲ್ಲ.

ಎದೆರೋಗದ ಡಾಕ್ಟರ್ ಸುಧಾರಾಣಿ ವಯಸ್ಸಿನಲ್ಲಿ ಚಿಕ್ಕವರು, ಕೇಳಿಸಿಕೊಳ್ಳುವ ತಾಳ್ಮೆಯಲ್ಲಿ ದೊಡ್ಡವರು. ಹಾಲೇಶ ಹೇಳಿದ್ದನ್ನೂ, ಅದನ್ನು ಹಂಪಮ್ಮ ತಿದ್ದಿ ಹೇಳಿದ್ದನ್ನೂ ಕೇಳಿದರು. ಉಸಿರಿನ ಬಲ ಅಳೆಯುವ ಒಂದು ಕೊಳವೆಯಲ್ಲಿ ಜೋರಾಗಿ ಊದಿಸಿ ಅಂಕಿ ಬರೆದುಕೊಂಡರು. ಆಮೇಲೆ ಆಸ್ಪತ್ರೆಯ ಅಂಗಳದಲ್ಲಿ ಆರು ನಿಮಿಷ ಓಡಲು ಹೇಳಿದರು. ಮಫ್ಲರ್ ಬಿಚ್ಚಲು ಹಂಪಮ್ಮ ಬಿಡಲಿಲ್ಲ. ಮುಖಕ್ಕೆ ಉಣ್ಣೆ ಸುತ್ತಿಕೊಂಡ ನಡುವಯಸ್ಸಿನ ಗುಮಾಸ್ತ ಬೇವಿನಮರದ ಸುತ್ತ ಓಡುವುದನ್ನು ಬೆಂಚಿನ ಮೇಲಿನ ರೋಗಿಗಳೆಲ್ಲ ತಮ್ಮ ರೋಗ ಮರೆತು ನೋಡಿದರು.

ಓಡಿ ಬಂದು ಕೂತ. ಎಲ್ಲರೂ ಕಾದರು. ಐದು ನಿಮಿಷವಾಯಿತು, ಹತ್ತಾಯಿತು, ಕಾಲು ತಾಸಾಯಿತು. ಕೆಮ್ಮಿನ ಸುಳಿವಿಲ್ಲ. ಬೆಂಚಿನ ಮೇಲಿದ್ದ ಮುದುಕರೊಬ್ಬರಿಗೆ ಪಾಪ ಎನಿಸಿತೋ ಏನೋ, ತಾವೇ ಒಮ್ಮೆ ಕೆಮ್ಮಿದರು. ಮತ್ತೆ ಕೊಳವೆ ಊದಿಸಿದರೆ ಅಂಕಿ ಅಲ್ಲಾಡಿರಲಿಲ್ಲ.

“ವಾಸಿ ಆತಲ್ಲವ್ವ,” ಎಂದಳು ಹಂಪಮ್ಮ ಡಾಕ್ಟರ ಕಡೆ ತಿರುಗಿ. “ನನ್ನ ಕಷಾಯ ಅಂದ್ರ ಹಂಗ.”

ಹಾಲೇಶನ ಜೀವ ಬಾಯಿಗೆ ಬಂತು. ಸುಳ್ಳು ಕೆಮ್ಮು ಕೆಮ್ಮಿಬಿಡಲೇ ಎಂದು ಬಾಯಿ ತೆರೆದ. ಸೋಮಾರಿ ಎಂಬ ಮಾತು ನೆನಪಾಗಿ ಮುಚ್ಚಿಕೊಂಡ. ಶಾಲೆಯಲ್ಲಿ ಡ್ರಿಲ್ ಮಾಸ್ತರರು ನಾಟಕ ಮಾಡಬೇಡ ಎಂದಿದ್ದರು, ಮಾವನವರು ಮೈಗಳ್ಳ ಎಂದಿದ್ದರು. ಈಗ ಎದೆಯೇ ಅವರ ಪಕ್ಷ ವಹಿಸಿತ್ತು. ಅವನಿಗೆ ನಿಜಕ್ಕೂ ಅಳು ಬಂತು.

ಡಾಕ್ಟರ್ ಅವನನ್ನೇ ನೋಡುತ್ತಿದ್ದರು. “ಇವತ್ತು ಬೆಳಿಗ್ಗೆ ಏನಾದ್ರೂ ಓಡಿದ್ರಾ?” ಎಂದು ಕೇಳಿದರು.

ತಾಲೀಮಿನ ಕತೆ ಹೊರಬಿತ್ತು. ಡಾಕ್ಟರ್ ನಕ್ಕರು. ಓಡಿದ ಮೇಲೆ ಬರುವ ಈ ಉಬ್ಬಸ ಕೆಲವರಿಗೆ ಒಮ್ಮೆ ಬಂದುಹೋದರೆ ಎರಡು ಮೂರು ತಾಸು ಮತ್ತೆ ತಲೆಹಾಕುವುದಿಲ್ಲ. ಮೇಲಾಗಿ ಮಫ್ಲರಿನೊಳಗಿಂದ ಉಸಿರು ಬೆಚ್ಚಗಾಗಿ ಹೋದರೆ ಎದೆ ಬಿಗಿಯುವುದೂ ಕಡಿಮೆ. ಅವನ ಹಿತೈಷಿಗಳೆಲ್ಲ ಕೂಡಿ ಅವನ ಕೆಮ್ಮನ್ನು ಬೆಳಗಿನಲ್ಲೇ ಖರ್ಚು ಮಾಡಿ ಕಳಿಸಿದ್ದರು. ಮೂರೂವರೆಗೆ ಮಫ್ಲರ್ ಇಲ್ಲದೆ ಬನ್ನಿ, ಅಲ್ಲಿಯತನಕ ಜೋರಾಗಿ ನಡೆಯಬೇಡಿ ಎಂದು ಡಾಕ್ಟರ್ ಹೇಳಿದರು.

ಹಾಲೇಶ ಆ ನಾಲ್ಕೂವರೆ ತಾಸು ತನ್ನ ಕೆಮ್ಮನ್ನು ತುಂಬಿದ ಕೊಡದಂತೆ ಕಾಪಾಡಿದ. ರಸ್ತೆ ದಾಟಲಿಲ್ಲ. ಎದುರಿನ ಖಾನಾವಳಿಯಿಂದ ಜೋಳದ ರೊಟ್ಟಿಯ ವಾಸನೆ ಬಂದರೂ ದಾಟಲಿಲ್ಲ. ಮೊಬೈಲ್ ಬಡಿದುಕೊಂಡಿತು, ಹುಲುಗೇಶನದು. ಮಾತಾಡಿದರೆ ಉಸಿರು ಖರ್ಚಾದೀತೆಂದು ಎತ್ತಲಿಲ್ಲ. ಹಂಪಮ್ಮ ಮಾತ್ರ ಕಷಾಯದ ಗೆಲುವನ್ನು ಒಪ್ಪದ ಡಾಕ್ಟರ ಮೇಲೆ ಸಿಟ್ಟಾಗಿ, ಮಫ್ಲರ್ ಕಸಿದುಕೊಂಡು ಪೇಟೆಯ ಕಡೆ ಹೋದಳು.

ಮೂರೂವರೆಗೆ ಅದೇ ಬೇವಿನಮರ, ಅದೇ ಆರು ನಿಮಿಷ. ಬಂದು ಕೂತು ಐದು ನಿಮಿಷಕ್ಕೆ ಎದೆಯೊಳಗೆ ಪೀಪಿ ಊದಿತು. ಇಷ್ಟು ವರ್ಷ ಶತ್ರುವಿನಂತೆ ಕಂಡ ಆ ಸದ್ದು ಈಗ ಅವನಿಗೆ ಮಂಗಳವಾದ್ಯವಾಗಿ ಕೇಳಿಸಿತು. ಅವನು ಕೆಮ್ಮಿದ, ಮನದಣಿಯೆ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. ಕೊಳವೆಯ ಅಂಕಿ ಸರ್ರನೆ ಇಳಿಯಿತು. ಡಾಕ್ಟರ್ ಬಾಯಿಗಿಟ್ಟು ಉಸಿರಿನೊಡನೆ ಔಷಧಿ ಎಳೆದುಕೊಳ್ಳುವ ಒಂದು ಪಂಪು ಕೊಟ್ಟು ಎರಡು ಸಲ ಎಳೆಸಿದರು. ಹತ್ತು ನಿಮಿಷದಲ್ಲಿ ಎದೆ ಸಡಿಲವಾಯಿತು.

“ಹಾಲೇಶ್ ಅವರೇ, ಇದು ನಾಟಕ ಅಲ್ಲ. ನಿಮಗಿರೋದು ನಿಜವಾದ ತೊಂದರೆ.”

ಆಮೇಲೂ ಅವರು ಬಹಳ ಹೊತ್ತು ಏನೇನೋ ಹೇಳಿದರು, ಪಂಪು ಹಿಡಿಯುವುದು ಹೇಗೆ ಎಂದು ತೋರಿಸಿದರು, ಇಂಗ್ಲಿಷಿನಲ್ಲಿ ಒಂದು ಪುಟದ ತುಂಬ ಬರೆದರು. ಹಾಲೇಶನ ಕಿವಿ ‘ನಿಜವಾದ’ ಎಂಬಲ್ಲಿಗೇ ನಿಂತುಬಿಟ್ಟಿತ್ತು. ಸರ್ಟಿಫಿಕೇಟಿನ ಮೊದಲ ಸಾಲಿನಲ್ಲಿ ತನ್ನ ಹೆಸರು ಮತ್ತು ರೋಗದ ಹೆಸರು ಅಕ್ಕಪಕ್ಕ ಇರುವುದನ್ನು ಕಣ್ತುಂಬ ನೋಡಿ, ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡು ಆಟೋ ಹತ್ತಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿ ಮುಟ್ಟಿದ. ಹುಲುಗೇಶ ಸ್ಟೂಲಿನ ಮೇಲೆ ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು ಕೂತಿದ್ದ. ಒಳಗೆ ಸಾಹೇಬರು ಎಂದೂ ಇಲ್ಲದ ಮೃದುತನದಿಂದ ಹಾಲೇಶನಿಗೆ ಕುರ್ಚಿ ತೋರಿಸಿದರು.

ನಡೆದದ್ದು ಇಷ್ಟು. ಮಧ್ಯಾಹ್ನ ಹುಲುಗೇಶ ಬೆಳಗಿನ ವಿಡಿಯೋವನ್ನು ಕಚೇರಿಗೆಲ್ಲ ತೋರಿಸಿದ್ದ. ಸಾಹೇಬರೂ ನೋಡಿದರು. ನೋಡುತ್ತ ನೋಡುತ್ತ ಅವರ ಮನಸ್ಸು ಕರಗಿತ್ತು. ಹಾಲೇಶನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಆದರೆ ಅವರ ಕಣ್ಣು ಎಂಜಿನಿಯರರ ಕಣ್ಣು. ಏರುರಸ್ತೆಯಲ್ಲಿ ಪೂರ್ತಿ ಓಡಿ, ಹಿಮ್ಮುಖವಾಗಿಯೂ ಓಡಿ ವಿಡಿಯೋ ತೆಗೆದವನ ಕೈ ನಡುಗಿಲ್ಲ, ಏದುಸಿರಿನ ಸದ್ದೂ ಇಲ್ಲ ಎಂಬುದನ್ನು ಗಮನಿಸಿದ್ದರು. ಖಾಲಿಯಾದ ಜಾಗಕ್ಕೆ ಹುಲುಗೇಶನ ಹೆಸರು ಬರೆದಿದ್ದರು. ಅವನು ಬೆನ್ನುನೋವಿನ ಮಾತೆತ್ತಿದಾಗ ವಿಡಿಯೋವನ್ನೇ ಮತ್ತೊಮ್ಮೆ ಹಾಕಿ ತೋರಿಸಿದ್ದರು.

“ಸರ್ಟಿಫಿಕೇಟ್ ಇನ್ನ ಬ್ಯಾಡ್ರಿ,” ಎಂದರು ಸಾಹೇಬರು. “ಮನಿಗೆ ಹೋಗಿ ಆರಾಮ್ ಮಾಡ್ರಿ.”

ಹಾಲೇಶ ಅಲ್ಲಿಗೆ ಎದ್ದುಬಂದಿದ್ದರೆ ಈ ಕತೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಕನಿಕರವಲ್ಲ. ವಿಡಿಯೋ ನೋಡಿ ಅಯ್ಯೋ ಪಾಪ ಎಂದವರು ನಾಳೆ ಮತ್ತೆ ಸೋಮಾರಿ ಎನ್ನಬಹುದು, ಕಾಗದದಲ್ಲಿ ಬರೆದದ್ದನ್ನು ಯಾರೂ ಅಳಿಸಲಾರರು. ಅವನು ಜೇಬಿಗೆ ಕೈಹಾಕಿದ.

“ಇಲ್ರಿ ಸಾರ್, ಓದ್ರಿ. ಪೂರಾ ಓದ್ರಿ. ನಾ ಸುಳ್ಳು ಹೇಳಿಲ್ಲಂತ ಅದರಾಗ ಐತ್ರಿ.”

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ಮೊದಲ ಸಾಲಿಗೆ ತಲೆಯಾಡಿಸಿದರು. ಮುಂದಕ್ಕೆ ಹೋದಂತೆ ತಲೆಯಾಡುವುದು ನಿಂತಿತು. ಆಮೇಲೆ ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: ಇವರಿಗೆ ಓಡಾಡಿದಾಗ ಬರುವ ಉಬ್ಬಸ ಇರುವುದು ನಿಜ. ನಡೆಯುವುದಕ್ಕೆ ಕಾಲು ತಾಸು ಮೊದಲು ಪಂಪು ಎಳೆದುಕೊಂಡರೆ ಎಷ್ಟು ದೂರ ಬೇಕಾದರೂ ನಡೆಯಬಹುದು. ದಿನವಿಡೀ ಕೂತೇ ಇರುವುದು ಇವರಿಗೆ ಒಳ್ಳೆಯದಲ್ಲ. ಪ್ರತಿದಿನ ದೀರ್ಘ ನಡಿಗೆ ಅವಶ್ಯ.

ಸಾಹೇಬರು ಎದ್ದುನಿಂತರು.

“ಹಾಲೇಶ, ನಿಮ್ಮನ್ನ ಸೋಮಾರಿ ಅಂದಿದ್ದು ನನ್ನ ತಪ್ಪು. ನೀವು ಹೇಳಿದ್ದು ಖರೇನ ಐತಿ.” ಕೆಂಪು ಪೆನ್ನು ತೆಗೆದು ಹುಲುಗೇಶನ ಹೆಸರು ಹೊಡೆದರು, ಹಾಲೇಶನ ಹೆಸರು ಬರೆದರು. “ಡಾಕ್ಟರು ಪ್ರತಿದಿನ ಅಂದಾರ. ಒಂದು ತಿಂಗಳು ಯಾತಕ್ಕೂ ಸಾಲಂಗಿಲ್ಲ. ನೀರು ನಿಲ್ಲೋ ತನಕ ನಿಮ್ಮದ ಇರಲಿ.”

ಹುಲುಗೇಶ ಬಂದು ಹಾಲೇಶನ ಎರಡೂ ಕೈ ಹಿಡಿದುಕೊಂಡ. ಆಮೇಲೆ ಸಾಹೇಬರ ಮನಸ್ಸು ಬದಲಾಗುವುದರೊಳಗೆ ಬೆನ್ನು ಹಿಡಿದುಕೊಂಡು ಮೆಲ್ಲಗೆ ಮನೆಗೆ ಹೋದ.

ಹಾಲೇಶ ಕಾಲೊನಿಯ ಏರುರಸ್ತೆ ಹತ್ತಿದ. ಸಿಟ್ಟಿನಲ್ಲಿ ಬಿರಬಿರನೆ ಹತ್ತಿದ. ಮೇಲೆ ಟ್ಯಾಂಕಿನ ಹತ್ತಿರ ರೂಢಿಯಂತೆ ನಿಂತು ಕೆಮ್ಮಿಗಾಗಿ ಕಾದ. ಡಾಕ್ಟರ ಪಂಪು ಒಳ್ಳೆಯ ಪಂಪು, ಕೆಮ್ಮು ಬರಲೇ ಇಲ್ಲ. ಮನೆಯ ಮುಂದೆ ಹಂಪಮ್ಮ ಮಫ್ಲರನ್ನು ಒಗೆದು ಒಣಹಾಕುತ್ತಿದ್ದಳು. ಕಾಲುವೆಯ ಮೇಲೆ ಗಾಳಿ ಭಾಳ, ಬೆಳಿಗ್ಗೆ ಕಟ್ಟಿಕೊಂಡು ಹೋಗು ಎಂದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

ಒಳಗೆ ಗಂಗಾಂಬಿಕಾ ಚಹಾ ಕೊಡುತ್ತ ಕೇಳಿದಳು: “ಸಾಹೇಬ್ರು ಏನಂದ್ರು?”

“ನಂಬಿದ್ರು,” ಎಂದ ಹಾಲೇಶ, ಹಳೆಯ ಬೂಟು ಹುಡುಕಲು ಮಂಚದ ಕೆಳಗೆ ಬಗ್ಗಿದ.