ಮಲಗಿದ ಬೆಂಕಿ ಗುಡ್ಡದ ಹರಕೆ

ಫೋಟೋದ ಮೂಲೆಯಲ್ಲಿ ಕಾರಿನ ಕನ್ನಡಿ ಕಾಣಿಸದಿದ್ದರೆ ಗುರುಪ್ರಸಾದನ ಶನಿವಾರ ಸುಖವಾಗಿ ಕಳೆಯುತ್ತಿತ್ತು. ಸುಳ್ಳು ಹೇಳುವವನಿಗೆ ಫೋಟೋ ಕತ್ತರಿಸುವಷ್ಟಾದರೂ ಬುದ್ಧಿ ಬೇಕು. ಇವನಿಗೆ ಅದೂ ಇರಲಿಲ್ಲ.

ಅಮೆರಿಕದ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿ ಅವನ ಜೊತೆಗಿದ್ದ ತಾಯಿ ಬಂಗಾರೆವ್ವ ಒಂದು ಹರಕೆ ಹೊತ್ತಿದ್ದಳು. ಕೆಲಸ ಕೈಗೂಡಿದರೆ ಮಗ ಬೆಟ್ಟವೊಂದನ್ನು ನಡೆದೇ ಹತ್ತಬೇಕು. ಯಾವ ಕೆಲಸ ಎಂದು ಕೇಳಿದರೆ, "ತೀರೂತನಕ ಬಾಯಿಬಿಟ್ಟು ಹೇಳಬಾರದು" ಎನ್ನುತ್ತಿದ್ದಳು. ಗ್ರೀನ್ ಕಾರ್ಡ್ ಇರಬೇಕೆಂದು ಗುರುಪ್ರಸಾದ ಅಂದುಕೊಂಡಿದ್ದ. ಕಾರ್ಡು ಬಂದಿತ್ತು. ಅರಿಶಿನದ ಕೊಂಬಿಟ್ಟು ಕಟ್ಟಿದ ಹರಕೆಯ ಗಂಟು ಮಾತ್ರ ಇನ್ನೂ ಅವಳ ಸೆರಗಿನ ತುದಿಯಲ್ಲೇ ನೇತಾಡುತ್ತಿತ್ತು.

ಹೋದ ವಾರ ಆಫೀಸಿನವರ ಜೊತೆ ಹವಾಯಿಯ ಮಾವಿ ದ್ವೀಪಕ್ಕೆ ಹೊರಟಾಗ, ಅಲ್ಲಿ ಹತ್ತು ಸಾವಿರ ಅಡಿ ಎತ್ತರದ, ನಿದ್ದೆ ಹೋದ ಜ್ವಾಲಾಮುಖಿ ಇದೆಯೆಂದು ಅವನೇ ಬಾಯಿಬಿಟ್ಟ.

"ಮೈತುಂಬ ಬೂದಿ ಬಡಕೊಂಡು, ಕಣ್ಣು ಮುಚ್ಚಿ ಸುಮ್ಮನ ಕುಂತಾನಂದ್ರ ಅವ ಶಿವ ಅಲ್ದ ಮತ್ಯಾರು? ಅದನ್ನ ಹತ್ತಿ ಬಾ," ಎಂದಳು ಅವ್ವ.

ಹೋಗಿ ನೋಡಿದರೆ ತುದಿಯವರೆಗೂ ಡಾಂಬರು ರಸ್ತೆ. ಜೊತೆಯವರು ಕಾರಿನ ಬಾಗಿಲು ತೆರೆದರು. ಗುರುಪ್ರಸಾದ ಒಂದು ಕ್ಷಣ ಶಿವನನ್ನು ನೆನೆದು ಒಳಗೆ ಕೂತುಬಿಟ್ಟ. ಶುಕ್ರವಾರ ರಾತ್ರಿ ಮನೆಗೆ ಬಂದು, ತುದಿಯಲ್ಲಿ ತೆಗೆಸಿಕೊಂಡ ಫೋಟೋ ತೋರಿಸಿ, ನಡೆದೇ ಹತ್ತಿದೆ ಎಂದ.

ಶನಿವಾರ ಬೆಳಿಗ್ಗೆ ಅವ್ವ ಆ ಫೋಟೋವನ್ನು ಪಕ್ಕದ ಮನೆಯ ಜಲಜಾಗೆ ಹೆಮ್ಮೆಯಿಂದ ತೋರಿಸಿದಳು.

"ಅಯ್ಯೋ ಅಮ್ಮ, ನಾವೂ ಹೋಗಿದ್ವಲ್ಲ! ತುದೀಲೇ ಪಾರ್ಕಿಂಗ್ ಇದೆ. ನೋಡಿ, ಕಾರಿನ ಮಿರರು ಇಲ್ಲೇ ಕಾಣ್ತಿದೆ," ಎಂದಳು ಜಲಜಾ. ಮೈಸೂರಿನವಳು; ಬಾಂಬನ್ನೂ ತಿಂಡಿಯ ಹಾಗೆ ತಟ್ಟೆಯಲ್ಲಿಟ್ಟು ಕೊಡುತ್ತಾಳೆ.

ಅವ್ವ ಬೈಯಲಿಲ್ಲ. ಮುಂದಿದ್ದ ರೊಟ್ಟಿಯ ತಟ್ಟೆಯನ್ನು ಸರಿಸಿದಳು. "ನೀ ನಡದು ಗುಡ್ಡ ಹತ್ತೂತನಕ ನನಗ ಊಟ ಬ್ಯಾಡ."

"ಅವ್ವಾ, ನಿನಗ ಶುಗರ್ ಐತಿ!"

"ಅದು ಸುಳ್ಳು ಹೇಳುವಾಗ ನೆನಪಾಗಲಿಲ್ಲೇನು?"

ಗದ್ದಲ ಕೇಳಿ ಎದುರುಮನೆಯ ವಾಹಿದ್ ಬಂದ. ವಿಜಯಪುರದವನು, ಕರೆಯದಿದ್ದರೂ ಬರುತ್ತಾನೆ. ಫೋನು ತಿಕ್ಕಿ ತಿಕ್ಕಿ ಹೇಳಿದ: "ಅವ್ವಾರ, ಇಲ್ಲೇ ಓಕ್‌ಲ್ಯಾಂಡಿನ ಹಿಂದ ಒಂದು ಹಳೇ ಬೆಂಕಿ ಗುಡ್ಡ ಐತ್ರಿ. ಕೋಟಿ ವರ್ಷದ ಹಿಂದ ಉಗುಳಿತ್ತಂತ. ಭಾಳ ಸಣ್ಣದು."

"ಸಣ್ಣದಾದ್ರೇನು, ಅವನ ವಂಶದ್ದ ಹೌದಲ್ಲೋ? ನಡೀರಿ."

ಫ್ರೀವೇ ಹಿಡಿದು ಗುಡ್ಡದ ಬುಡಕ್ಕೆ ಬಂದಾಗ ಹನ್ನೆರಡು ಗಂಟೆ. ಅವ್ವ ರೊಟ್ಟಿಯ ಡಬ್ಬಿ ಹಿಡಿದು ಜಲಜಾಳ ಜೊತೆ ಕಾರಿನಲ್ಲೇ ಉಳಿದಳು. ಆದರೆ ಒಮ್ಮೆ ಹೋದ ನಂಬಿಕೆ ಅಷ್ಟು ಬೇಗ ಬರುತ್ತದೆಯೇ?

"ವಿಡಿಯೋ ಕಾಲ್ ಹಚ್ಚು. ಮಾರಿ ಬ್ಯಾಡ, ಕಾಲು ತೋರ್ಸು."

ಹೀಗೆ ವಾಹಿದನ ಹಿಂದೆ ಗುರುಪ್ರಸಾದ ಫೋನನ್ನು ತನ್ನ ಬೂಟುಗಳಿಗೆ ಹಿಡಿದು, ಮೀನು ಹುಡುಕುವ ಕೊಕ್ಕರೆಯಂತೆ ಕತ್ತು ಬಗ್ಗಿಸಿಕೊಂಡು ಹತ್ತತೊಡಗಿದ. ಮೊದಲು ಕೊಂಬೆಯೊಂದು ಹಣೆಗೆ ಬಡಿಯಿತು. ಆಮೇಲೆ ಮೇಯುತ್ತಿದ್ದ ಹಸುವಿಗೆ ಢಿಕ್ಕಿ ಹೊಡೆದು ಸಾರಿ ಕೇಳಿದ. ಅದರ ಸೆಗಣಿಯನ್ನಂತೂ ಅವನಿಗಿಂತ ಮೊದಲು ಅವ್ವನೇ ನೋಡಿದಳು.

"ಕಾಲು ನಿಂತ್ವಲ್ಲೋ!"

"ಉಸಿರು ತಗೋತೀನವ್ವಾ!"

"ತಗೋ ನನ್ನಪ್ಪ, ನೀರೂ ಕುಡಿ. ಖರೆ, ಫೋನ್ ಮ್ಯಾಲೆತ್ತಬ್ಯಾಡ."

ಒಂದು ಕಾಲಕ್ಕೆ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೂ ಅಳುತ್ತಿದ್ದ ಅವನ ಎಡ ಮೊಣಕಾಲು ಇಂದು ಚಕಾರ ಎತ್ತಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ.

ತುದಿ ಬಂತು. ಗುರುಪ್ರಸಾದ ಕೊನೆಗೂ ಫೋನನ್ನು ಮೇಲೆತ್ತಿದ. ಕೆಳಗೆ ಕಾರಿನಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ, ಅರಿಶಿನದ ಕೊಂಬನ್ನು ಕಣ್ಣಿಗೊತ್ತಿಕೊಂಡಳು.

"ತೀರಿತು ನನ್ನ ಹರಕಿ. ದಣದಿ ಕಂದಾ. ಇಳದು ಬಾ, ಕೂಡಿ ಉಣ್ಣೋಣು."

ಗುರುಪ್ರಸಾದನ ಕಣ್ಣು ತುಂಬಿತು. ಅವಳಿಗೆ ಸುತ್ತಲಿನ ಗುಡ್ಡಗಳನ್ನೆಲ್ಲ ಒಮ್ಮೆಗೇ ತೋರಿಸಬೇಕೆಂದು ಎರಡು ಹೆಜ್ಜೆ ಹಿಂದೆ ಸರಿದ. ಎಡಗಾಲು ಸೀದಾ ಅಲ್ಲಿನ ನೆಲ ತೋಡುವ ಅಳಿಲಿನ ಬಿಲದೊಳಗೆ ಹೋಯಿತು. ಮೊಣಕಾಲು ಲಟಕ್ಕೆಂದಿತು.

ವಾಹಿದ್ ಹೆಗಲು ಕೊಟ್ಟು, ದಾರಿಯುದ್ದಕ್ಕೂ "ಹೇಳಿದ್ನಲ್ಲ, ಸಣ್ಣ ಗುಡ್ಡ" ಎಂದು ಸಮಾಧಾನ ಮಾಡುತ್ತ ಇಳಿಸಿಕೊಂಡು ಬಂದ. ಅವ್ವ ಓಡಿಬಂದಳು.

"ಯಾವ ಕಾಲೋ?"

"ಎಡದ್ದು. ಇರಲಿ ಬಿಡವ್ವಾ, ಹರಕಿ ತೀರಿತಲ್ಲ. ಈಗರ ಹೇಳು, ಗ್ರೀನ್ ಕಾರ್ಡಿಗೆ ಹೊತ್ತಿದ್ದಿ ಹೌದಲ್ಲ?"

"ಯಾವ ಕಾರ್ಡೋ?" ಎಂದಳು ಅವ್ವ. "ನೀ ಕುಂಟೂದು ನೋಡಲಾರದ, ಇದ ಎಡ ಮೊಣಕಾಲಿಗೆ ಹೊತ್ತಿದ್ನೆಪ್ಪ!"

ಅವ್ವ ಸೆರಗನ್ನು ನೀರಲ್ಲಿ ಅದ್ದಿ ಮಗನ ಮೊಣಕಾಲಿಗೆ ಒತ್ತಿದಳು. ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. ತಾನೂ ಒಂದು ತುತ್ತು ತಿಂದಳು. ಆಮೇಲೆ ಆ ಒದ್ದೆ ಸೆರಗಿನ ತುದಿಗೇ ಅರಿಶಿನದ ಕೊಂಬನ್ನಿಟ್ಟು, ಬಿಗಿಯಾಗಿ ಗಂಟು ಹಾಕಿದಳು.

ಗುರುಪ್ರಸಾದನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವ್ವಾ... ಈ ಸಲ ಯಾವ ಗುಡ್ಡ?"

"ಸಣ್ಣದು ಹತ್ತಿಸಿದ್ದಕ್ಕ ಹಿಂಗಾತು. ಕಾರಿನ್ಯಾಗ ಹತ್ತಿದ್ದಿಯಲ್ಲ, ಅದ ದೊಡ್ಡದು. ಸಮುದ್ರದ ದಂಡಿಯಿಂದ." ಅವ್ವ ಜಲಜಾಳ ಕಡೆ ತಿರುಗಿದಳು. "ನೀನೂ ಜೋಡಿ ಹೋಗವ್ವಾ. ಕನ್ನಡಿ ಕಂಡ್ರ ಹೇಳಾಕ."