ಶೇಂಗಾ ಮೆಲ್ಲುವವನ ಇಸ್ಪೀಟು

ದೊಡ್ಡ ಇಸ್ಪೀಟು ಆಟಗಾರನಾಗಲು ಏನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ತಲೆ ಬೇಕು, ಲೆಕ್ಕ ಬೇಕು, ದೈವ ಬೇಕು, ಹೆಂಡತಿ ತವರಿಗೆ ಹೋಗಿರಬೇಕು ಎಂದೆಲ್ಲ ಹೇಳುತ್ತಾರೆ. ನನಗೆ ಇವೆಲ್ಲವೂ ಒಮ್ಮೊಮ್ಮೆ ಒಟ್ಟಿಗೇ ಒದಗಿದ್ದುಂಟು. ಆದರೂ ಗೆದ್ದದ್ದು ಜನ್ಮದಲ್ಲಿ ಒಂದೇ ಸಲ, ಆ ಗೆಲುವಿನ ಕಥೆಯೂ ಅಷ್ಟೇನು ಮರ್ಯಾದೆಯದಲ್ಲ. ನನಗೆ ಕಡಿಮೆಯಾದದ್ದು ಮುಖ. ಇದೆ, ಆದರೆ ಅದು ನನ್ನ ಮಾತು ಕೇಳುವುದಿಲ್ಲ. ಕುಂದಗೋಳದ ಸಂತೆಯಲ್ಲಿ ಎಳೆ ಬದನೆಕಾಯಿ ಕಂಡರೆ ಸಾಕು, ನನ್ನ ಮುಖ ನೋಡಿಯೇ ಕಾಯಿಪಲ್ಲೆ ಮಾರುವಾಕೆ ದರ ಏರಿಸುತ್ತಾಳೆ. ಶಾಲೆಯಲ್ಲಿ ಸಿಟ್ಟಿನ ನಾಟಕ ಮಾಡಿದರೆ ಮಕ್ಕಳು ನಗುತ್ತವೆ. ನಿಜವಾಗಿ ಸಿಟ್ಟು ಬಂದರೆ ಇನ್ನೂ ಹೆಚ್ಚು ನಗುತ್ತವೆ.

ನನ್ನ ಹೆಂಡತಿಯ ಅಣ್ಣ, ಕುಬಿಹಾಳದ ಶಿವಪ್ಪಣ್ಣ, ಇದಕ್ಕೆ ತದ್ವಿರುದ್ಧ. ಒಕ್ಕಲುತನ ಆತನ ಹವ್ಯಾಸ, ಇಸ್ಪೀಟು ಕಸುಬು. ಮೂರೆಲೆಯಾಟಕ್ಕೆ ಹುಬ್ಬಳ್ಳಿಯಿಂದ ಆತನಿಗೆ ಕರೆ ಬರುತ್ತಿತ್ತು. ಹೋಗುವಾಗ ಕೀರ್ತನೆಗೆ ಹೋಗುವವನ ಹಾಗೆ ವಿಭೂತಿ ಹಚ್ಚಿಕೊಂಡು ಹೋಗುತ್ತಿದ್ದ. ಆತನ ಮುಖವೆಂದರೆ ಒರಳುಕಲ್ಲು. ಎಕ್ಕ ಬಂದರೂ ಅದೇ ಮುಖ, ಎಮ್ಮೆ ಸತ್ತರೂ ಅದೇ ಮುಖ. "ಮಾಸ್ತರ್ರ, ನಿಮ್ಮ ಎಲಿ ಏನ್ ನೋಡ್ತೀರಿ, ಎದುರಿನವನ ಮಾರಿ ನೋಡ್ರಿ" ಎಂದು ನನಗೆ ಪಾಠ ಹೇಳುತ್ತಿದ್ದ. ನಾನು ನೋಡುತ್ತಿದ್ದೆ. ಮೀಸೆಯ ಹೊರತು ಏನೂ ಕಾಣುತ್ತಿರಲಿಲ್ಲ.

ನಮ್ಮ ಮೊದಲ ಕೂಸು ಹುಟ್ಟಿದ್ದು ಆತನ ಮನೆಯಲ್ಲಿಯೇ, ದೀಪಾವಳಿಯ ಹೊತ್ತಿಗೆ. ಹೆಣ್ಣು ಕೂಸು. ತೀರಿಕೊಂಡ ನನ್ನ ಅವ್ವ ಫಕೀರವ್ವನ ಹೆಸರನ್ನೇ ಇಡಬೇಕೆಂದು ನಾನು. ತೀರಿಕೊಂಡ ತನ್ನ ಅವ್ವ ಕಲ್ಲವ್ವನ ಹೆಸರನ್ನೇ ಇಡಬೇಕೆಂದು ಶಿವಪ್ಪಣ್ಣ. ಬಾಣಂತಿ ಒಮ್ಮೆ ಮಾತ್ರ ಬಾಯಿ ಬಿಟ್ಟಳು. ಅವಳ ಹೆಸರು ತಿಪ್ಪವ್ವ. ಶಿವಪ್ಪಣ್ಣನ ಬೆನ್ನಿಗೆ ಹುಟ್ಟಿದ ಕೂಸುಗಳು ಉಳಿಯಲಿಲ್ಲವೆಂದು, ಇವಳನ್ನು ತಿಪ್ಪೆಯ ಮೇಲೆ ಹೊರಳಿಸಿ ಇಟ್ಟ ಹೆಸರು ಅದು. "ಸಾಲ್ಯಾಗ ಹಾಜರಿ ಕರಿಯೂ ಮುಂದ ದಿನಾ ನಗತಿದ್ರು. ನನ್ನ ಮಗಳಿಗೆ ಹಳೇ ಹೆಸರು ಬ್ಯಾಡ" ಎಂದಳು. ನಮಗಿಬ್ಬರಿಗೂ ಚೆನ್ನಾಗಿಯೇ ಕೇಳಿಸಿತು. ಕೇಳಿಸಿಕೊಂಡು, ಇದನ್ನು ಇಸ್ಪೀಟಿನಲ್ಲೇ ತೀರ್ಮಾನಿಸುವುದು ನ್ಯಾಯವೆಂದು ಹೊರಗೆ ಬಂದೆವು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ, ಒಳಗೆ ಹೆಣ್ಣುಮಕ್ಕಳು ತೊಟ್ಟಿಲು ಸಿಂಗರಿಸುತ್ತಿದ್ದಾಗ, ನಾವಿಬ್ಬರು ಪಡಸಾಲೆಯಲ್ಲಿ ಕೂತೆವು. ಹಬ್ಬ, ಶುಭಕಾರ್ಯಗಳಲ್ಲಿ ಆ ಮನೆಯ ಪದ್ಧತಿಯೆಂದರೆ ಪಣಕ್ಕೆ ದುಡ್ಡಲ್ಲ, ಆ ವರ್ಷದ ಹೊಸ ಶೇಂಗಾ, ಹುರಿದದ್ದು. ಯಾರ ಗುಂಪೆ ಮೊದಲು ಖಾಲಿಯಾಗುತ್ತದೋ ಅವನ ಅವ್ವ ಸೋತಂತೆ. ಈ ಪದ್ಧತಿಯಲ್ಲಿ ಒಂದೇ ದೋಷ: ಬಂಡವಾಳವನ್ನು ತಿನ್ನಬಹುದು. ನನ್ನ ಗುಂಪೆಯಲ್ಲಿ ಅರ್ಧವನ್ನು ಶಿವಪ್ಪಣ್ಣ ಗೆದ್ದ, ಉಳಿದರ್ಧವನ್ನು ನಾನು ಮೆಲ್ಲುತ್ತಾ ಬಂದೆ. ನನಗೆ ಕೆಟ್ಟ ಎಲೆ ಬಂದರೆ ಆತ ಬೊಗಸೆಗಟ್ಟಲೆ ಶೇಂಗಾ ಪಣಕ್ಕೆ ಸುರಿಯುತ್ತಿದ್ದ. ಒಮ್ಮೆ ನನಗೆ ಮೂರಕ್ಕೆ ಮೂರೂ ಎಕ್ಕ ಬಂದವು. ಆತ ನನ್ನ ಮಾರಿ ನೋಡಿ, "ಪ್ಯಾಕ್" ಎಂದು ಎಲೆ ಮಡಚಿಟ್ಟ. ನನಗೆ ಅಳುವೇ ಬಂತು.

ಆತ ಎಲೆ-ಅಡಿಕೆ ಉಗುಳಲು ಹೊರಗೆ ಹೋದಾಗ, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಬಾಣಂತಿ ಮೆಲ್ಲಗೆ ಹೇಳಿದಳು: "ಛಲೋ ಎಲಿ ಬಂದ್ರ ನಿಮ್ಮ ಬಾಯಿ ನಿಂದರತೈತ್ರಿ. ಕೆಟ್ಟ ಎಲಿ ಬಂದ್ರ ಎತ್ತಿನಂಗ ಮೆಲಕಾಡಸ್ತೀರಿ." ತವರನ್ನು ಬಿಟ್ಟು ನನ್ನ ಪಕ್ಷ ಸೇರಿದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂದವು. ಅಲ್ಲಿಂದ ಮುಂದೆ ಕೆಟ್ಟ ಎಲೆ ಬಂದರೆ ಬಾಯಿ ನಿಲ್ಲಿಸಿದೆ, ಒಳ್ಳೆಯದು ಬಂದರೆ ಜೋರಾಗಿ ಮೆದ್ದೆ. ನನ್ನ ಗುಂಪೆ ಬೆಳೆಯಿತು. ಇನ್ನೇನು ಗೆದ್ದೆ ಎನ್ನುವಾಗ ಶಿವಪ್ಪಣ್ಣ ನೀರು ಕುಡಿಯಲು ಒಳಗೆ ಹೋಗಿ ಬಂದ. ಬಂದವನು ನನ್ನ ಬಾಯಿ ನೋಡುವುದನ್ನು ಬಿಟ್ಟು ಕಿವಿ ನೋಡತೊಡಗಿದ, ಮತ್ತೆ ಗೆಲ್ಲತೊಡಗಿದ. ಸುಳ್ಳಾಡುವಾಗ ನನ್ನ ಕಿವಿ ಕೆಂಪಾಗುತ್ತವಂತೆ. ಥಂಡಿಯ ನೆವ ಹೇಳಿ ಟವೆಲ್ಲನ್ನು ಕಿವಿಯ ಮೇಲೆ ಸುತ್ತಿಕೊಂಡೆ. ಹೀಗೆ ಹೊತ್ತು ಇಳಿಯುವತನಕ ನಡೆದು, ಕಟ್ಟಕಡೆಗೆ ಆತನ ಮುಂದಿನ ಶೇಂಗಾ ತೀರಿತು. ಹುಬ್ಬಳ್ಳಿಯವರನ್ನು ನಡುಗಿಸಿದವನನ್ನು ನಾನು ಸೋಲಿಸಿದ್ದೆ!

"ಫಕೀರವ್ವ ಗೆದ್ದಳು!" ಎಂದು ಕೂಗುತ್ತಾ ಟವೆಲ್ಲಿನ ಸಮೇತ ಒಳಗೆ ಓಡಿದೆ. ಒಳಗೆ ಎಲ್ಲರೂ ಗುಗ್ಗರಿ ತಿನ್ನುತ್ತಿದ್ದರು. ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ನನ್ನ ಅಕ್ಕನದು. ಆಕೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿ, ಉಳಿದವರಿಂದ ಬೆನ್ನಿಗೆ ಗುದ್ದು ತಿಂದು, ಬೆನ್ನು ನೀವಿಕೊಳ್ಳುತ್ತಾ ಕೂತಿದ್ದಳು. ಇಟ್ಟ ಹೆಸರು ಸುಜಾತಾ.

"ನಿನ್ನ ಹೇಣ್ತಿ ನಿನ್ನೀನ ಈ ಹೆಸರ ಹೇಳಿಟ್ಟಿದ್ಲೋ ನನಗ. ನಿಮ್ಮ ಆಟ ಮುಗಿಯೂದ್ರಾಗ ಕೂಸಿನ ಲಗ್ನಾನೂ ಆಗ್ತಿತ್ತು" ಎಂದಳು ಅಕ್ಕ.

ನನ್ನ ಹಿಂದೆ ಬಂದ ಶಿವಪ್ಪಣ್ಣ ತಂಗಿಯನ್ನು ದಿಟ್ಟಿಸಿದ. "ಕಿವಿ ನೋಡು ಅಂತ ನನಗ ಹೇಳಿದಾಕೀನೂ ಇಕೀನ" ಎಂದ. ಸೋಲುವವನ ಕಡೆಗೆಲ್ಲ ವಾಲಿ ಅವಳು ಆಟವನ್ನು ಎಳೆದಿದ್ದಳು. ಅವಳು ಮಾತ್ರ ತಲೆ ಎತ್ತದೆ ಕೂಸಿನ ತಲೆಯ ಕುಲಾಯಿ ಸರಿಮಾಡುತ್ತಿದ್ದಳು. ಮುಖದಲ್ಲಿ ಗೆಲುವೂ ಇಲ್ಲ, ಭಯವೂ ಇಲ್ಲ. "ಮಾಸ್ತರ್ರ, ಇಷ್ಟ ವರ್ಷ ಆಡೇನಿ, ಇಂಥಾ ಮಾರಿ ನೋಡಿಲ್ರಿ" ಎಂದು ಶಿವಪ್ಪಣ್ಣ ಬಾಗಿಲಲ್ಲೇ ಕುಸಿದು ಕೂತ. ಆಮೇಲೆ ಅವಳು ತೊಟ್ಟಿಲಿಗೆ ಬಾಗಿ "ಸುಜಾತಾ" ಎಂದು ಕರೆದಳು, ಮೆತ್ತಗೆ, ರುಚಿ ನೋಡುವವಳ ಹಾಗೆ. ಅವ್ವ ಕ್ಷಮಿಸಲಿ, ನನಗೂ ಬಹಳ ಸಂತೋಷವಾಯಿತು.

ಆಮೇಲೆ ನಾನು ಇಸ್ಪೀಟು ಮುಟ್ಟಿಲ್ಲ. ಆದರೆ ಈಗಲೂ ಅವಳು ಹುರಿದ ಶೇಂಗಾದ ತಾಟನ್ನು ನನ್ನ ಮುಂದಿಟ್ಟು, ಎದುರಿಗೆ ಸುಮ್ಮನೆ ಕೂತಳೆಂದರೆ ಸಾಕು, ಮನೆಯಲ್ಲಿ ಏನೋ ಒಂದು ಆಗಲೇ ತೀರ್ಮಾನವಾಗಿಹೋಗಿದೆ ಎಂದು ಗೊತ್ತಾಗುತ್ತದೆ. ಏನೆಂದು ಕೇಳುವುದಿಲ್ಲ. ಕಿವಿಯ ಮೇಲೆ ಟವೆಲ್ ಎಳೆದುಕೊಂಡು ಮೆಲ್ಲುತ್ತಾ ಕೂರುತ್ತೇನೆ.