ಐದು ಜೋಡಿ ಇಂಗ್ಲಿಷ್

ವೀಳ್ಯದೆಲೆ ವ್ಯಾಪಾರದಲ್ಲಿ ಎಲೆ ಬಾಡುವುದೂ ತಪ್ಪಿದ್ದಲ್ಲ, ವ್ಯಾಪಾರಿ ಪೇಚಿಗೆ ಸಿಲುಕುವುದೂ ತಪ್ಪಿದ್ದಲ್ಲ. ಈಗ ಫೋನೇ ಇಂಗ್ಲಿಷ್ ಕಾಗದ ಬರೆದುಕೊಡುತ್ತದೆ. ಆಗ ಸವಣೂರಿನ ನನ್ನ ಅಂಗಡಿಗೆ ಶಿಗ್ಗಾವಿಯ ಇಂಗ್ಲಿಷ್ ಮಾಸ್ತರರೇ ಗತಿ.

೧. ಎತ್ತಿನ ಪಾಠ

ಪುಣೆಯ ದೊಡ್ಡ ಕಂಪನಿಯೊಂದು ವಾರವಾರ ವೀಳ್ಯದೆಲೆ ಕೊಳ್ಳಲು ವ್ಯಾಪಾರಿಯನ್ನು ಹುಡುಕುತ್ತಿತ್ತು. ಹಾನಗಲ್ಲಿನವನೊಬ್ಬ ನನಗೆ ಎದುರಾಳಿ. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಮಾಸ್ತರರಿಗೆ ಗಂಟುಬಿದ್ದೆ.

“ಇಂಗ್ಲಿಷ್ ಶಬ್ದ ಎತ್ತಿದ್ದಂಗ್ರಿ ಸಾವ್ಕಾರ್ರ, ಜೋಡಿ ನೋಡೇ ಹೂಡಬೇಕು. ಮೀಟಿಂಗಿಗೆ ಹೋಲ್ಡ್, ಆರ್ಡರಿಗೆ ಪ್ಲೇಸ್, ಡೆಲಿವರಿಗೆ ಟೇಕ್, ಪೇಮೆಂಟಿಗೆ ಮೇಕ್, ಡೀಲಿಗೆ ಕ್ಲೋಜ್.”

“ನಾವು ಎಲ್ಲಾದಕ್ಕೂ ‘ಮಾಡು’ ಅಂತೇವಲ್ರಿ? ಮೀಟಿಂಗ್ ಮಾಡು, ಆರ್ಡರ್ ಮಾಡು...”

“ಅದಕ್ಕ ನಿಮ್ಮ ಆ ಒಂದ ಎತ್ತು ಸೊರಗೇತಿ!”

೨. ಎಣಿಕೆ

ನನ್ನ ಅಂಗಡಿಯಲ್ಲಿ ಎಲೆ ಎಣಿಸಲು ವಯಸ್ಸಾದ ಚಾಚಾ ಒಬ್ಬರಿದ್ದರು. ನಾನು ಗಾದಿಯ ಮೇಲೆ ಕೂತು ಐದು ಜೋಡಿಗಳನ್ನು ಮಗ್ಗಿಯಂತೆ ಒಪ್ಪಿಸುವುದು, ಅವರ ಎಣಿಕೆ ತಪ್ಪುವುದು. ಮೂರನೇ ಸಲ ತಪ್ಪಿದಾಗ ಸಿಟ್ಟಾದರು: “ನಿಮಗ ಇಂಗ್ಲಿಷ್ ಬರೂದ್ರಾಗ ಎಲಿ ಹಣ್ಣಾಗ್ತಾವ್ರಿ ಸಾವ್ಕಾರ್ರ!”

ಮರುದಿನ ನೋಡಿದರೆ ಅವರೇ ಒಂದು, ಎರಡು ಅಂತ ಎಣಿಸುವುದನ್ನೇ ಬಿಟ್ಟುಬಿಟ್ಟಿದ್ದಾರೆ. “ಹೋಲ್ಡ್ ಮೀಟಿಂಗ್, ಪ್ಲೇಸ್ ಆರ್ಡರ್...” ಜೋಡಿಗೊಂದು ಎಲೆ. ಎಣಿಕೆ ಒಮ್ಮೆಯೂ ತಪ್ಪಲಿಲ್ಲ. ಚಾಚಾ ಈಗಿಲ್ಲ, ಅವರ ಮಗ ಇಂದಿಗೂ ಐದು ಎಲೆಗೊಮ್ಮೆ ಡೀಲ್ ಕ್ಲೋಜ್ ಮಾಡುತ್ತಾನೆ.

೩. ಪರೀಕ್ಷೆ

ಕಡೆಗೊಂದು ದಿನ ಕಂಪನಿಯ ಸಾಹೇಬರು ಟೈ ಕಟ್ಟಿಕೊಂಡು ಬಂದರು. ಹಾನಗಲ್ಲಿಗೆ ಹೋಗಿಯೇ ಬಂದಿದ್ದರು. ನಿಂತಲ್ಲೇ “ವಿ ವಿಲ್ ಹೋಲ್ಡ್ ಎ ಮೀಟಿಂಗ್” ಅಂದರು.

ನಾನು “ಯು ಪ್ಲೇಸ್ ದಿ ಆರ್ಡರ್” ಅಂದೆ.

“ವಿ ಟೇಕ್ ಡೆಲಿವರಿ.”

“ಯು ಮೇಕ್ ಪೇಮೆಂಟ್.”

ಸಾಹೇಬರು ಬೆವರೊರೆಸಿಕೊಂಡು, “ವಿ ಕ್ಲೋಜ್ ದಿ ಡೀಲ್.”

ಅಲ್ಲಿಗೆ ನನ್ನ ಸರಕು ಮುಗಿದಿತ್ತು; ಅವರದೂ ಮುಗಿದಂತಿತ್ತು. ಕೊನೆಗೆ ಅವರೇ ದನಿ ಇಳಿಸಿ ಕೇಳಿದರು: “ಶಿಗ್ಗಾವಿ ಮಾಸ್ತರ ಏನ್ರಿ?”

“ಹೌದ್ರಿ. ನೀವು?”

“ದುಂಡಸಿ ನಮ್ಮೂರು. ನಂಗೂ ಅವರ ಕಲಿಸಿದ್ದು. ಆ ಹಾನಗಲ್ಲಿನವ್ರು ಆರನೇ ಜೋಡಿ ಶುರು ಮಾಡಿದ್ರು ನೋಡ್ರಿ, ಎದ್ದು ಬಂದೆ.”

ಟೈ ಸಡಿಲಿಸಿ ಕೂತು ಎಲೆ ಹಾಕಿಕೊಂಡರು. ಆರ್ಡರ್ ನನಗೇ ಸಿಕ್ಕಿತು.

ಸುದ್ದಿ ಹೇಳಲು ಹೋದರೆ ಮಾಸ್ತರರು ಹುರುಪಿನಿಂದ, “ಇನ್ನೊಂದ್ ಐದು ಜೋಡಿ ಕಲಿಸ್ಲೇನ್ರಿ?” ಅಂದರು.

“ಬ್ಯಾಡ್ರಿ ಮಾಸ್ತರ,” ಕೈ ಮುಗಿದೆ. “ಇನ್ನೊಂದು ಕಲಿತೆ ಅಂದ್ರ ಗಿರಾಕಿ ಓಡಿಹೋಗ್ತೈತಿ!”